ಕಣ್ಣು ಮುಚ್ಚಿಕೊಂಡೇ ನಗಬಹುದಾದ ಹಳೇ ಪುಸ್ತಕ, ಸಿನಿಮಾ, ಸೀರಿಯಲ್ ಯಾವುದಿದೆ ಹೇಳಿ

ಕುಕ್ಕರ್ ವಿಷಲ್

ಎಲ್ಲರಿಗೂ ನಮಸ್ಕಾರ. ಮೊನ್ನೆ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಕಣ್ಣು ಚೆನ್ನಾಗಿದೆ, ತೊಂದರೆ ಬೇರೆ. ಒಂದು ವಾರ ಟಿವಿ ಬೇಡ, ಓದೋದು ಬೇಡ, ಮೊಬೈಲಂತೂ ಬೇಡವೇ ಬೇಡ ಅಂದಿದ್ದಾರೆ ಡಾಕ್ಟರು. ಪಕ್ಕದ ಮನೆಯವರು ಆಪರೇಷನ್ ಆದ ಮಾರನೇ ದಿನವೇ ಟಿವಿ ಮುಂದೆ ಕೂತಿದ್ದರಂತೆ. ನಮ್ಮಮ್ಮನಿಗೆ ಡಾಕ್ಟರ ಮಾತು ಅಂದರೆ ಮುಗೀತು. ಕಪ್ಪು ಕನ್ನಡಕ ಹಾಕಿಕೊಂಡು ಹಾಲ್‌ನಲ್ಲಿ ಸಿಐಡಿ ಥರ ಕೂತಿರುತ್ತಾರೆ. ಒಳಗೆ ನಾನು ಒಗ್ಗರಣೆ ಹಾಕಿದರೆ ಸದ್ದು ಕೇಳಿಯೇ "ಸಾಸಿವೆ ಸೀದು ಹೋಯ್ತು" ಅಂತಾರೆ.

ಮೊದಲ ದಿನ ಅವರಿಗೆ ಇಷ್ಟವಾದ ಒಂದು ಹಳೇ ಸಾಂಸಾರಿಕ ಕಾದಂಬರಿ ಓದಿ ಹೇಳೋಕೆ ಕೂತೆ. ಮೂರನೇ ಅಧ್ಯಾಯಕ್ಕೆ ಗಳಗಳ ಅಳು. ಕಣ್ಣು ಉಜ್ಜೋ ಹಾಗಿಲ್ಲ, ಒರೆಸಿಕೊಳ್ಳೋ ಹಾಗಿಲ್ಲ, ಡ್ರಾಪ್ಸ್ ಎಲ್ಲಾ ಕೆನ್ನೆ ಮೇಲೆ. "ಮುಚ್ಚೇ ಅದನ್ನ. ನಗಿಸೋದು ಏನಾದ್ರೂ ಇದ್ರೆ ಓದು, ಇಲ್ಲಾಂದ್ರೆ ಸುಮ್ನೆ ಇರು ಮಾರಾಯ್ತಿ" ಅಂದರು.

ಅದಕ್ಕೇ ಕೇಳ್ತಿದ್ದೀನಿ. ಒಂದು, ಗಟ್ಟಿಯಾಗಿ ಓದಿದರೆ ನಗು ಬರೋ ಪುಸ್ತಕ. ಎರಡು, ಚಿತ್ರ ನೋಡದೆ ಬರೀ ಮಾತು ಕೇಳಿಯೇ ನಗಬಹುದಾದ ಸಿನಿಮಾ ಅಥವಾ ಸೀರಿಯಲ್. ಅಮ್ಮನಿಗೆ 71. ಈಗಾಗಲೇ ನೋಡಿರೋದು, ಓದಿರೋದು ಆದರೂ ಪರವಾಗಿಲ್ಲ. ನಮ್ಮದು ಶಿವಮೊಗ್ಗ.

ಹಳೇ ರೇಡಿಯೊ

ಕೈಲಾಸಂ. ಬೇರೆ ಯೋಚನೆಯೇ ಬೇಡ.

ಅವರ ನಾಟಕ ಕಣ್ಣಲ್ಲಿ ಓದಿದರೆ ಅರ್ಧ ಮಜಾ ಹೋಯ್ತು ಅಂತಲೇ ಲೆಕ್ಕ. ಇಂಗ್ಲಿಷನ್ನ ಕನ್ನಡದ ಬಾಯಲ್ಲಿ ಹಾಕಿ, ಪದಕ್ಕೆ ಪದ ಅಂಟಿಸಿ, ಬೆಂಗಳೂರಿನ ಮನೆಗಳಲ್ಲಿ ಜನ ಹೇಗೆ ಮಾತಾಡ್ತಿದ್ದರೋ ಹಾಗೇ ಇಳಿಸಿದ್ದಾರೆ. 'ತಾಳಿ ಕಟ್ಟೋಕ್ಕೂಲಿನೇ' ಅನ್ನೋ ಹೆಸರು ನೋಡಿ. ಕಣ್ಣಿಗೆ ಏನೋ ಗಂಟು ಥರ ಕಾಣುತ್ತೆ. ಬಾಯಿ ಬಿಟ್ಟು ಹೇಳಿದ ತಕ್ಷಣ, ಓಹೋ, ತಾಳಿ ಕಟ್ಟೋಕೆ ಕೂಲಿನೇ! ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದ ಮನುಷ್ಯ, ಬಂದು ಅಗೆದಿದ್ದು ಮಾತ್ರ ನಮ್ಮ ಮನೆ ಜಗಲಿಗಳನ್ನ. 'ಟೊಳ್ಳುಗಟ್ಟಿ', 'ಹೋಂ ರೂಲು', 'ಅಮ್ಮಾವ್ರ ಗಂಡ', 'ಪೋಲಿಕಿಟ್ಟಿ' ಎಲ್ಲಾ ಚಿಕ್ಕವು. ಒಂದೇ ಕೂರಿಗೆ ಒಂದು ಮುಗಿಯುತ್ತೆ.

ಒಂದು ಕಿವಿಮಾತು. ಒಬ್ಬರೇ ಓದಬೇಡಿ. ಮನೆಯಲ್ಲಿ ಇನ್ನೊಬ್ಬರನ್ನ ಹಿಡಿದು ಕೂರಿಸಿ, ಪಾತ್ರ ಹಂಚಿಕೊಳ್ಳಿ.

ನಿದ್ದೆಗೆಟ್ಟ ನಾಗ

'ಪುಷ್ಪಕ ವಿಮಾನ'! ಎಷ್ಟು ಸಲ ನೋಡಿದರೂ ನಗು ಬರುತ್ತೆ. ಕಣ್ಣು ಮುಚ್ಚಿಕೊಂಡು ಹಾಕಿ.

ತಿಪಟೂರು ಕೊಬ್ಬರಿ

ನಾಗಣ್ಣ, ಮಾತೇ ಇಲ್ಲದ ಸಿನಿಮಾನ ಕಪ್ಪು ಕನ್ನಡಕ ಹಾಕಿಕೊಂಡವರಿಗೆ ಕೇಳಿಸೋದಾ? ಎರಡು ಗಂಟೆ ಏನು ಕೇಳಿಸ್ಕೋತಾರೆ ಅವರು, ಫ್ಯಾನಿನ ಸದ್ದಾ?

ಕುಕ್ಕರ್ ವಿಷಲ್

ಅಮ್ಮನಿಗೆ ಇದನ್ನ ಓದಿ ಹೇಳಿದೆ. ಇವತ್ತು ಮೊದಲ ಸಲ ಜೋರಾಗಿ ನಕ್ಕಿದ್ದು ಇದಕ್ಕೇ. ನಾಗ ಅವರಿಗೆ ಥ್ಯಾಂಕ್ಸ್ ಹೇಳಬೇಕಂತೆ.

ನಿದ್ದೆಗೆಟ್ಟ ನಾಗ

ಅಯ್ಯೋ. ತಲೆಬರಹ ಓದಿ ಅವಸರದಲ್ಲಿ ಬರೆದುಬಿಟ್ಟೆ. ಇರಲಿ, ವಾರ ಕಳೆದ ಮೇಲೆ ನೋಡಿ ಅಂತಲೇ ಇಟ್ಟುಕೊಳ್ಳಿ. 1987ರ ಸಿನಿಮಾ, ಬೆಂಗಳೂರಲ್ಲೇ ತೆಗೆದಿದ್ದು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ಶೃಂಗಾರ್ ನಾಗರಾಜ್ ನಿರ್ಮಾಪಕರು.

ಅದರಲ್ಲಿ ಮಾತು ಇಲ್ಲ ಅಷ್ಟೇ, ಸದ್ದು ಇದೆ ಸ್ವಾಮಿ. ಕಮಲ್ ಹಾಸನ್ ಇರೋ ರೂಮು ಟಾಕೀಸಿನ ಪಕ್ಕ. ರಾತ್ರಿಯೆಲ್ಲ ಫೈಟಿಂಗ್ ಸದ್ದು ಕೇಳಿ ಕೇಳಿ ಅದೇ ಜೋಗುಳ ಆಗಿಬಿಟ್ಟಿರುತ್ತೆ. ಆಮೇಲೆ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆ ಸಿಕ್ಕರೂ ನಿದ್ದೆ ಬರಲ್ಲ. ಟೇಪ್ ರೆಕಾರ್ಡರಿನಲ್ಲಿ ಆ ಢಿಶುಂ ಢಿಶುಂ ತುಂಬಿಸಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ಬೆಂಗಳೂರಿಗೆ ಬಂದು ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿನಲ್ಲಿ ಆರು ತಿಂಗಳಿದ್ದ ನನಗೆ ಅದು ತಮಾಷೆ ಅಲ್ಲ, ಆತ್ಮಚರಿತ್ರೆ. ಊರಿಗೆ ಹೋದರೆ ಹಾರನ್ ಇಲ್ಲದೆ ನಿದ್ದೆ ಬರ್ತಿರಲಿಲ್ಲ.

ಕಾಫಿಪುಡಿ

ಐಸಿನ ಚೂರಿ ಮರೆತ್ರಾ? ಟೀನು ಆನಂದ್ ಕೊಲೆ ಮಾಡೋಕೆ ಐಸ್ ಕತ್ತಿ ಹಿಡಿದುಕೊಂಡು ಬರ್ತಾನೆ, ಅದು ಅವನ ಕೈಯಲ್ಲೇ ಕರಗುತ್ತಾ ಹೋಗುತ್ತೆ. ನಮ್ಮ ಮನೆ ಫ್ರಿಜ್‌ನಲ್ಲಿ ಮಗ ಒಂದನ್ನ ಮಾಡಿಟ್ಟಿದ್ದ. ನಾನು ಕತ್ತಲಲ್ಲಿ ಐಸ್ ತೆಗೆಯೋಕೆ ಕೈ ಹಾಕಿ ಕಿರುಚಿದ್ದು ಇಡೀ ಬಿಲ್ಡಿಂಗಿಗೆ ಕೇಳಿಸಿತ್ತು.

ಬೇಸರ ಬಸಣ್ಣ

'ತಿಥಿ' ಸಿನಿಮಾ ಹಾಕಿ. ಬರೀ ಮಾತು ಕೇಳಿದರೂ ಸಾಕು, ಮಂಡ್ಯ ಭಾಷೆ ಅಂದರೆ ಅದು. ನಟನೆ ಗೊತ್ತಿಲ್ಲದ ಹಳ್ಳಿಯವರನ್ನೇ ಹಾಕಿ ತೆಗೆದದ್ದು.

ಸಿಡ್ನಿ ಸೀತಾ

ಬಸಣ್ಣ, ಆಪರೇಷನ್ ಆಗಿ ಮೂರು ದಿನ ಆಗಿಲ್ಲ. "ಅಮ್ಮಾ, ಬನ್ನಿ ತಿಥಿ ನೋಡೋಣ" ಅಂತ ಕರೀಬೇಕಾ ಆ ಹುಡುಗಿ?

ಬೇಸರ ಬಸಣ್ಣ

ಹೆಸರಲ್ಲೇನಿದೆ ತಾಯಿ. 101 ವರ್ಷದ ಸೆಂಚುರಿ ಗೌಡ ಸತ್ತಿದ್ದಕ್ಕಿಂತ, ಮಗ ಗಡ್ಡಪ್ಪ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ನಡೆದುಕೊಂಡೇ ಹೋಗೋದು ಮುಖ್ಯ ಅಲ್ವಾ. ಅಪ್ಪನ ತಿಥಿಯೂ ಬೇಡ, ಜಮೀನೂ ಬೇಡ. ನನ್ನ ಪ್ರಕಾರ ಕನ್ನಡ ಸಿನಿಮಾದಲ್ಲಿ ನೆಮ್ಮದಿಯಾಗಿರೋ ಏಕೈಕ ಮನುಷ್ಯ ಅವನೇ.

ಮಲ್ಲೇಶ್ವರದ ಮೊಮ್ಮಗ

ಕಿವಿಯಲ್ಲಿ ಕೇಳೋ ಸಿನಿಮಾ ಅಂದರೆ 'ಗಣೇಶನ ಮದುವೆ'. ನಮ್ಮ ತಾತನ ಮನೆಯಲ್ಲಿ ಇದನ್ನ ಯಾರೂ ಕೂತು ನೋಡ್ತಿರಲಿಲ್ಲ. ಟಿವಿಯಲ್ಲಿ ಬರ್ತಿತ್ತು, ಅಜ್ಜಿ ಹುರುಳಿಕಾಯಿ ನಾರು ತೆಗೀತಾ, ಅತ್ತೆ ಬಟ್ಟೆ ಮಡಚುತ್ತಾ, ಎಲ್ಲರೂ ಬರೀ ಕೇಳಿಸಿಕೊಂಡೇ ನಗ್ತಿದ್ದರು. ವಠಾರದ ಜಗಳ ನೋಡಬೇಕಾ, ಕೇಳಿದರೆ ಸಾಕಲ್ವಾ?

ಅನಂತನಾಗ್ ಜಗಳ ಆಡುವಾಗಲೂ ದನಿ ಏರಿಸಲ್ಲ ನೋಡಿ. ಎದುರಿನವರು ಕೂಗಾಡ್ತಾರೆ, ಈತ ಮೆತ್ತಗೆ ಒಂದು ಮಾತು ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾನೆ. ಓನರ್ ರಮಣಮೂರ್ತಿ ಪಾತ್ರದ ಮುಖ್ಯಮಂತ್ರಿ ಚಂದ್ರು ಅವರ ಗದರಿಕೆ ಇನ್ನೊಂದು ಕಡೆ. ಇನ್ನು ಕತೆಯೇ ಕಿವಿಯದ್ದು. ಹಾಡೋ ಶ್ರುತಿಗೆ ಮನಸೋತು ಕಾಗದ ಬರೀತಾನೆ, ಆ ಶ್ರುತಿ ಯಾರು ಅಂದರೆ ದಿನಾ ತನ್ನ ಜೊತೆ ಕಿತ್ತಾಡೋ ಓನರ್ ಮಗಳು ಆದಿಲಕ್ಷ್ಮಿ. 1992ರ ಸಿನಿಮಾ ಇರಬೇಕು.

ಹಳೇ ರೇಡಿಯೊ

1990. ನಿಮ್ಮ ತಲೆಯಲ್ಲಿ ಮೂರೂ ಗಣೇಶ ಕಲಸಿಹೋಗಿದೆ. 'ಗಣೇಶನ ಮದುವೆ' 1990, 'ಗೌರಿ ಗಣೇಶ' 1991, 'ಗಣೇಶ ಸುಬ್ರಮಣ್ಯ' 1992. ಮೂರೂ ಫಣಿ ರಾಮಚಂದ್ರ ಅವರದೇ, ಮೂರಕ್ಕೂ ಅನಂತನಾಗ್. ಕತೆ ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲ.

ಕಾಫಿಪುಡಿ

ಮೂರರಲ್ಲಿ 'ಗೌರಿ ಗಣೇಶ'ನೇ ಮೇಲು. ಮೂರು ಜನ ದೊಡ್ಡ ಮನುಷ್ಯರ ಹತ್ತಿರ ಹೋಗಿ ಒಬ್ಬೊಬ್ಬರಿಗೂ "ಈ ಹುಡುಗ ನಿಮ್ಮ ಮಗ" ಅಂತ ದುಡ್ಡು ಕೀಳೋದು! ಮಾಸ್ಟರ್ ಆನಂದ್ ಎಷ್ಟು ಪುಟ್ಟ ಹುಡುಗ ಅದರಲ್ಲಿ.

ಮಲ್ಲೇಶ್ವರದ ಮೊಮ್ಮಗ

ಕತೆ ಗೌರಿ ಗಣೇಶದ್ದು ಗಟ್ಟಿ, ಒಪ್ಪಿದೆ. ನಗು ಗಣೇಶನ ಮದುವೆಯದು ಜಾಸ್ತಿ. ಗೌರಿ ಗಣೇಶ ಕೊನೆಗೆ ಬರ್ತಾ ಬರ್ತಾ ಗಂಟಲು ಕಟ್ಟುತ್ತೆ. ಅಮ್ಮನಿಗೆ ಅಳೋ ಹಾಗಿಲ್ಲ ಅಂತ ಮೇಲೇ ಬರೆದಿದ್ದಾರೆ, ಓದಿ.

ಕಾಫಿಪುಡಿ

ಓದಿದೆ ಸ್ವಾಮಿ. ಎರಡನೇ ವಾರಕ್ಕೆ ಹೇಳಿದ್ದು.

ತಿಪಟೂರು ಕೊಬ್ಬರಿ

ಈ ಥ್ರೆಡ್‌ನಲ್ಲಿ ತಪ್ಪು ಹೇಳಿದವರೆಲ್ಲ ಎರಡನೇ ವಾರಕ್ಕೆ ಓಡ್ತಿದ್ದಾರೆ.

ಧಾರವಾಡದಾಕಿ

ಬರೇ ಬೆಂಗಳೂರು ಮೈಸೂರಾತು. ಬೀಚಿ ಎಲ್ಲಿ ಹೋದರ್ರೀ?

'ತಿಮ್ಮನ ತಲೆ', 'ಅಂದನಾ ತಿಮ್ಮ', 'ಬೆಳ್ಳಿ ತಿಮ್ಮ ನೂರೆಂಟು ಹೇಳಿದ'. ಎರಡು ಸಾಲು, ನಾಕು ಸಾಲಿನ ತುಣುಕು. ಕಣ್ಣಿಗೆ ಡ್ರಾಪ್ಸ್ ಹಾಕಿ ಐದು ನಿಮಿಷ ಕಣ್ಣು ಮುಚ್ಚಿಕೊಂಡು ಕೂಡಬೇಕಲ್ಲ, ಆ ಹೊತ್ತಿಗೆ ಹೇಳಿ ಮಾಡಿಸಿದ್ದು. ಒಂದು ಹನಿ, ಒಂದು ತಿಮ್ಮ. ಆತ್ಮಕಥೆಗೆ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟ ಮನುಷ್ಯ. ಪೊಲೀಸ್ ಇಲಾಖೆಯೊಳಗೆ ನೌಕರಿ ಮಾಡಿಕೋತ ಜನರನ್ನ ನಗಿಸಿದವರು ಇನ್ನೊಬ್ಬರು ಸಿಗೋದು ಕಷ್ಟ. ತಮ್ಮ ಹೆಸರಿನ ಮೊದಲ ಅಕ್ಷರ ಕನ್ನಡದೊಳಗೆ, ಉಳಿದದ್ದು ಇಂಗ್ಲಿಷಿನೊಳಗೆ ಬರೀತಿದ್ದರು.

ನಮ್ಮ ಅಪ್ಪ ಅವರಿಗೆ ಊಟಕ್ಕ ಕೂತಾಗ ಒಂದು ತಿಮ್ಮ ಹೇಳದಿದ್ದರ ರೊಟ್ಟಿ ಇಳೀತಿರಲಿಲ್ಲ. ಅವ್ವ "ಇದನ್ನ ನಿನ್ನೆನೂ ಹೇಳಿದ್ರಿ" ಅಂತಿದ್ದಳು. ಹಂಗಂದು ಮತ್ತ ನಗತಿದ್ದಳು.

ಹಳೇ ರೇಡಿಯೊ

ಬೀಚಿಯವರಿಗೆ ಕನ್ನಡದ ಹುಚ್ಚು ಹತ್ತಿದ್ದು ಅನಕೃ ಅವರ 'ಸಂಧ್ಯಾರಾಗ' ಓದಿ ಅಂತ ಅವರೇ ಹೇಳಿಕೊಂಡಿದ್ದಾರೆ. ಅಷ್ಟು ಗಂಭೀರ ಕಾದಂಬರಿ ಓದಿ ತಿಮ್ಮ ಹುಟ್ಟಿದ ಅನ್ನೋದೇ ಒಂದು ಜೋಕು.

ಕುಡ್ಲದ ಹುಡುಗ

ಹಳೇದು ಹಳೇದು ಅಂತ ಎಷ್ಟು ಹಳೇದಕ್ಕೆ ಹೋಗ್ತೀರಿ ಮಾರಾಯ್ರೇ. 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಇಲ್ವಾ? ಹೆಸರಿನ ಬಾಲಕ್ಕೆ 'ಕೊಡುಗೆ: ರಾಮಣ್ಣ ರೈ' ಬೇರೆ. ಆ ಮಕ್ಕಳ ಮಾತು ಕೇಳಿದರೆ ಸಾಕು, ಕಣ್ಣು ಬೇಡ. ಕೊನೆಗೆ ಅನಂತನಾಗ್ ಕೂಡ ಬರ್ತಾರೆ, ನಿಮ್ಮ ಗಣೇಶನ ಮದುವೆ ಪಾರ್ಟಿಗೂ ಖುಷಿ. 2025ರ 'ಸು ಫ್ರಮ್ ಸೋ' ಅಂತೂ ಥಿಯೇಟರಿನಲ್ಲಿ ಪಕ್ಕದವರ ನಗುವಿಗೆ ಅರ್ಧ ಡೈಲಾಗ್ ನನಗೆ ಕೇಳಿಸಲೇ ಇಲ್ಲ. ಇನ್ನೊಮ್ಮೆ ದುಡ್ಡು ಕೊಟ್ಟು ಹೋದೆ, ಆವಾಗ ನಾನೇ ನಕ್ಕು ಕೇಳಿಸಲಿಲ್ಲ.

ಬೇಸರ ಬಸಣ್ಣ

ಈಗಿನವರಿಗೆ ನಗಿಸೋಕೆ ಬರಲ್ಲ. ಕೂಗಾಡಿದರೆ ಕಾಮಿಡಿ ಅಂದುಕೊಂಡಿದ್ದಾರೆ.

ಕುಡ್ಲದ ಹುಡುಗ

ಈಗಷ್ಟೇ ಎರಡು ಹೆಸರು ಹೇಳಿದೆನಲ್ಲ! ಅದೂ ಅಲ್ಲದೆ, ಹಳೇ ಸಿನಿಮಾದಲ್ಲಿ ಕೂಗಾಟ ಇರಲಿಲ್ವಾ? ಕುಳ್ಳ ಅಂತ, ದಪ್ಪ ಅಂತ, ತೊದಲು ಅಂತ ನಗಿಸಿದ್ದು ಎಷ್ಟಿಲ್ಲ? ನೆನಪಿನಲ್ಲಿ ಒಳ್ಳೇದು ಮಾತ್ರ ಉಳಿಯುತ್ತೆ, ಕೆಟ್ಟದ್ದನ್ನ ಯಾರೂ ಎರಡನೇ ಸಲ ನೋಡಲ್ಲ. ಇವತ್ತಿನದನ್ನ ಎಲ್ಲಾ ಒಟ್ಟಿಗೆ ನೋಡ್ತೀವಿ, ಅಷ್ಟೇ ವ್ಯತ್ಯಾಸ.

ಸಿಡ್ನಿ ಸೀತಾ

ಇದು ನಿಜ. ಹೋದ ವರ್ಷ ಮಗಳಿಗೆ ತೋರಿಸೋಣ ಅಂತ ನನಗೆ ತುಂಬಾ ಇಷ್ಟವಾಗಿದ್ದ ಒಂದು ತೊಂಬತ್ತರ ದಶಕದ ಕಾಮಿಡಿ ಹಾಕಿದೆ. ಹೀರೋ ಹುಡುಗಿ ಹಿಂದೆ ಸುತ್ತಿ ಸುತ್ತಿ ಕಾಡಿಸ್ತಾನೆ. ಅವಳು "ಅಮ್ಮಾ, ಇದು ಕಾಮಿಡಿನಾ? ಪೊಲೀಸ್‌ಗೆ ಯಾಕೆ ಫೋನ್ ಮಾಡಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫ್ ಮಾಡಿ ಪಾಪ್‌ಕಾರ್ನ್ ಮಾತ್ರ ತಿಂದ್ವಿ.

'ಮಾಲ್ಗುಡಿ ಡೇಸ್' ಮಾತ್ರ ಅವಳೇ ಮತ್ತೆ ಹಾಕು ಅಂತಾಳೆ. ಸ್ವಾಮಿ, ಅವನ ಅಜ್ಜಿ, ಗಿರೀಶ್ ಕಾರ್ನಾಡ್ ಅಪ್ಪ. ಅದರ ಟೈಟಲ್ ಮ್ಯೂಸಿಕ್ ಬಂದರೆ ನಾನು ಸಿಡ್ನಿಯಲ್ಲಿರಲ್ಲ, ನಮ್ಮೂರ ಹಾಲ್‌ನಲ್ಲಿ ಚಾಪೆ ಮೇಲಿರ್ತೀನಿ. ಕನ್ನಡದ್ದೇ ಸೀರಿಯಲ್ ಅಲ್ವಾ, ಅಮ್ಮನಿಗೂ ಹಾಕಿ.

ಕಾಫಿಪುಡಿ

ಸೀತಕ್ಕ, ಅದು ಹಿಂದಿ, ಇಂಗ್ಲಿಷಿನಲ್ಲಿ ತೆಗೆದದ್ದು. ಶಂಕರ್ ನಾಗ್, ಆಗುಂಬೆ, ನಮ್ಮ ನಟರು ಎಲ್ಲಾ ಇದ್ದಿದ್ದಕ್ಕೆ ನಮಗೆಲ್ಲ ಕನ್ನಡದ್ದೇ ಅನ್ನಿಸುತ್ತೆ. ನಾನೂ ಹತ್ತು ವರ್ಷ ಹಾಗೇ ನಂಬಿದ್ದೆ.

ಕುಕ್ಕರ್ ವಿಷಲ್

ಎರಡನೇ ದಿನದ ವರದಿ.

ಕೈಲಾಸಂ ಶುರು ಮಾಡಿದೆವು. ನಮ್ಮ ಯಜಮಾನರನ್ನೂ ಕೂರಿಸಿದೆ. ಅವರು ಐಟಿಯವರು, ಕನ್ನಡ ಗಟ್ಟಿಯಾಗಿ ಓದಿ ಎಷ್ಟು ವರ್ಷ ಆಗಿತ್ತೋ. 'ಟೊಳ್ಳುಗಟ್ಟಿ'ಯ ಒಂದೊಂದು ಪದದ ಮುಂದೆ ನಿಂತು, ಗೇಟಿನ ಬೀಗದ ಕೈ ಹುಡುಕೋರ ಥರ ತಡಕಾಡ್ತಿದ್ದರು. ಅಮ್ಮನಿಗೆ ನಗು ತಡೆಯೋಕಾಗಲಿಲ್ಲ. ನಾಟಕಕ್ಕಲ್ಲ, ಅಳಿಯ ಓದೋದಕ್ಕೆ. ಆದರೆ ಸ್ವಲ್ಪ ಹೊತ್ತಿಗೆ ಅವರಿಗೆ ಲಯ ಸಿಕ್ಕಿತು. ನಾನು ಒಂದು ಕಡೆ ತಪ್ಪು ಓದಿದೆ, ಅಮ್ಮ ಕಣ್ಣು ಮುಚ್ಚಿಕೊಂಡೇ ಸರಿ ಮಾಡಿದರು. ಹೈಸ್ಕೂಲಿನಲ್ಲಿ ಪಾರ್ಟು ಮಾಡಿದ್ದರಂತೆ! ಇಷ್ಟು ವರ್ಷ ಒಂದು ಮಾತು ಹೇಳಿಲ್ಲ. "ನೀನು ಯಾವತ್ತು ಕೇಳಿದ್ದೆ?" ಅಂದರು.

ರಾತ್ರಿ 'ಗಣೇಶನ ಮದುವೆ'. ಟಿವಿಗೆ ಮೇಲೆ ಟವೆಲ್ ಹೊದಿಸಿ ಹಾಕಿದೆ, ಇಲ್ಲಾಂದರೆ ಕನ್ನಡಕದ ಸಂದಿಯಿಂದ ಇಣುಕಿ ನೋಡ್ತಾರೆ. ಮೊಮ್ಮಗ ಮೂಲೆಯಲ್ಲಿ ನಿಂತು "ಅಜ್ಜಿ, ಈಗ ಆತ ಬಾಗಿಲು ಹಾಕಿದ, ಈಗ ಆಕೆ ಬಂದಳು" ಅಂತ ಕಾಮೆಂಟರಿ. "ನನಗೆ ಗೊತ್ತು ಸುಮ್ನಿರೋ, ನಿನಗಿಂತ ಮೊದಲೇ ನೋಡಿದೀನಿ" ಅಂತ ಬೈಸಿಕೊಂಡ.

ತಿಪಟೂರು ಕೊಬ್ಬರಿ

ಟಿವಿಗೆ ಟವೆಲ್! ನಮ್ಮ ಮನೆಯಲ್ಲಿ ಪರೀಕ್ಷೆ ಟೈಮಲ್ಲಿ ಹಾಕ್ತಿದ್ದರು. ಅಪ್ಪ ಕ್ರಿಕೆಟ್ ಸ್ಕೋರ್ ಮಾತ್ರ ಟವೆಲ್ ತುದಿ ಎತ್ತಿ ನೋಡ್ತಿದ್ದರು.

ಮಲ್ಲೇಶ್ವರದ ಮೊಮ್ಮಗ

ವಠಾರ ಅಂದ ಕೂಡಲೇ ನೆನಪಾಯ್ತು. ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ನಲ್ಲಿ. ಬೆಳಿಗ್ಗೆ ಐದಕ್ಕೆ ಕೊಡದ ಸಾಲು. ಕೊಡದ ಬದಲು ಒಂದು ಇಟ್ಟಿಗೆ ಇಟ್ಟು ಹೋಗಿ ಮಲಗೋರು, ಇಟ್ಟಿಗೆಗೂ ಸರದಿ ಇತ್ತು. ಒಮ್ಮೆ ಯಾರೋ ಎಲ್ಲಾ ಇಟ್ಟಿಗೆ ಸೇರಿಸಿ ಒಲೆ ಕಟ್ಟಿಬಿಟ್ಟಿದ್ದರು. ಆ ದಿನದ ಜಗಳಕ್ಕೆ ಟಿಕೆಟ್ ಇಡಬಹುದಿತ್ತು.

ಬೇಸರ ಬಸಣ್ಣ

ವಿಷಯಕ್ಕೆ ಬನ್ನಿ.

ಮಲ್ಲೇಶ್ವರದ ಮೊಮ್ಮಗ

ನೀವು ತಿಥಿ ಊಟ ಬಡಿಸಿದಾಗ ನಾವು ಸುಮ್ಮನಿರಲಿಲ್ವಾ?

ನಿದ್ದೆಗೆಟ್ಟ ನಾಗ

ಸೀರಿಯಲ್ ಕೇಳಿದ್ದೀರಲ್ಲ, ಅದಕ್ಕೆ ಬರೋಣ. 'ಸಿಲ್ಲಿ ಲಲ್ಲಿ', 'ಪಾಪ ಪಾಂಡು'. ಈಟಿವಿ ಕನ್ನಡದ ಕಾಲ. ಸಮಾಜ ಸೇವಕಿ ಲಲಿತಾಂಬ ಬಾಯಿ ತೆಗೆದರೆ ಸಾಕಿತ್ತು. ರವಿಶಂಕರ್ ಅವರನ್ನ ಇವತ್ತಿಗೂ ಜನ ಡಾಕ್ಟರ್ ವಿಠಲ್ ರಾವ್ ಅಂತಲೇ ಕರೀತಾರೆ. ಅದೇ ಥರ 'ದಂಡಪಿಂಡಗಳು'. ಕೆಲಸ ಇಲ್ಲದ ಹುಡುಗರ ಗುಂಪು, ಟೈಟಲ್ ಹಾಡು ನಮ್ಮ ಪಿಜಿಯ ನಾಡಗೀತೆ. ಅದು, ಪಾಪ ಪಾಂಡು ಎರಡೂ ಸಿಹಿಕಹಿ ಚಂದ್ರು ಅವರದು.

ಹಳೇ ರೇಡಿಯೊ

ಪಾಪ ಪಾಂಡು ಸಿಹಿಕಹಿ ಚಂದ್ರು ಅವರದು. ದಂಡಪಿಂಡಗಳು ಫಣಿ ರಾಮಚಂದ್ರ ಅವರದು. ಮತ್ತೆ ಅದೇ ಗಣೇಶನವರು. ಇನ್ನು ಚಂದ್ರು ಅವರ ಹೆಸರಿಗೆ ಅಂಟಿಕೊಂಡಿರೋ 'ಸಿಹಿಕಹಿ'ಯೂ ದೂರದರ್ಶನದ ಒಂದು ಸೀರಿಯಲ್ಲೇ. ಆ ಕಾಲದ್ದೇ 'ಕ್ರೇಜಿ ಕರ್ನಲ್' ಯಾರಿಗಾದರೂ ನೆನಪಿದೆಯಾ? ರಮೇಶ್ ಭಟ್.

ಕಾಫಿಪುಡಿ

ಕ್ರೇಜಿ ಕರ್ನಲ್! ಅದು ಬರೋ ಹೊತ್ತಿಗೆ ಆಂಟೆನಾ ತಿರುಗಿಸೋ ಡ್ಯೂಟಿ ನನ್ನದು. "ಬಂತಾ? ಬಂತಾ?" ಅಂತ ಮಾಳಿಗೆಯಿಂದ ನಾನು, "ಹೋಯ್ತು, ಹೋಯ್ತು" ಅಂತ ಕೆಳಗಿಂದ ಇಡೀ ಬೀದಿ. ನಾನು ಆ ಸೀರಿಯಲ್ ನೋಡಿದ್ದಕ್ಕಿಂತ ಮಾಳಿಗೆ ಮೇಲೆ ನಿಂತು ಜನ ನಗೋದನ್ನ ಕೇಳಿದ್ದೇ ಜಾಸ್ತಿ.

ಧಾರವಾಡದಾಕಿ

ಪಾಪ ಪಾಂಡು ನನಗ ಸೇರಂಗಿಲ್ಲ. ಹೆಂಡತಿ ಹೊಡಿಯೋದು, ಗಂಡ ಅಳೋದು. ಒಂದು ವಾರ ಚಂದ. ಗಂಡ ಹೆಂಡತಿಗೆ ಹೊಡೆದರ ನಗು ಬರತದೇನು? ಇದಕ್ಯಾಕ ಬರಬೇಕು?

ನಿದ್ದೆಗೆಟ್ಟ ನಾಗ

ಅಷ್ಟು ದೂರ ಹೋದರೆ ಹೇಗ್ರೀ. ಪಾಂಡು ಏಟು ತಿಂದು ಎದ್ದು ನಿಂತು ಮತ್ತೆ ಅದೇ ತಪ್ಪು ಮಾಡ್ತಾನಲ್ಲ, ನಗು ಇರೋದು ಅಲ್ಲಿ. ಏಟಿನಲ್ಲಲ್ಲ.

ಧಾರವಾಡದಾಕಿ

ಇರಬಹುದು. ನಾ ಮಾತ್ರ ಎರಡನೇ ಸಲ ನೋಡಂಗಿಲ್ಲ. ಸಿಲ್ಲಿ ಲಲ್ಲಿ ನೋಡತೀನಿ.

ಕಾಡುಮಲ್ಲಿಗೆ

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಶಿವಮೊಗ್ಗದವರಿಗೆ ತೇಜಸ್ವಿ ಹೆಸರು ಯಾರೂ ಹೇಳದೆ ಇದ್ದಿದ್ದು ನೋಡಿ ತಡೆಯೋಕಾಗಲಿಲ್ಲ.

'ಕರ್ವಾಲೊ' ಓದಿ. ಎಲ್ಲರೂ ಇದನ್ನ ವಿಜ್ಞಾನ, ಪರಿಸರ, ವಿಕಾಸವಾದ ಅಂತ ಗಂಭೀರವಾಗಿ ಹೇಳಿ ಹೆದರಿಸಿಬಿಟ್ಟಿದ್ದಾರೆ. ನಾನು ಡಿಗ್ರಿಯಲ್ಲಿ ಪಠ್ಯವಾಗಿ ಓದಿದಾಗ ಒಂದು ಸಲವೂ ನಗಲಿಲ್ಲ, ಪ್ರಶ್ನೆಗೆ ಉತ್ತರ ಬರೆದೆ ಅಷ್ಟೇ. ಹತ್ತು ವರ್ಷ ಬಿಟ್ಟು ಮಳೆಗಾಲದಲ್ಲಿ ಕರೆಂಟ್ ಇಲ್ಲದ ಒಂದು ರಾತ್ರಿ ಅಜ್ಜನಿಗೆ ಓದಿ ಹೇಳಿದೆ. ಅಜ್ಜ ಕಂಬಳಿ ಒಳಗಿಂದ ಕುಲುಕುಲು ನಗೋಕೆ ಶುರು. ಮಂದಣ್ಣ ಬಂದಾಗಲೆಲ್ಲ "ಇವ ನಮ್ಮ ಮೇಲಿನಮನೆಯವನೇ" ಅನ್ನೋರು. ಬಿರಿಯಾನಿ ಕರಿಯಪ್ಪನಿಗೂ ನಮ್ಮೂರಲ್ಲೇ ಒಬ್ಬನನ್ನ ಹುಡುಕಿದರು. ದೊಡ್ಡ ವಿಜ್ಞಾನಿ ಒಬ್ಬ, ಶಾಲೆ ಕಂಡರೆ ಆಗದ ಮಂದಣ್ಣ ಒಬ್ಬ, ಹೇಳಿದ ಮಾತು ಕೇಳದ ನಾಯಿ ಒಂದು. ಈ ಮೆರವಣಿಗೆ ಒಂದು ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಡುತ್ತೆ ಅಂದರೆ ನಗದೆ ಇರೋದು ಹೇಗೆ?

ಅದು ಉದ್ದ ಆಯ್ತು ಅನ್ನಿಸಿದರೆ 'ಕೃಷ್ಣೇಗೌಡನ ಆನೆ'. ಊರಲ್ಲಿ ಏನೇ ಕೆಟ್ಟರೂ ಆನೆ ತಲೆಗೆ ಕಟ್ಟೋದು. ನಮ್ಮ ಪಂಚಾಯ್ತಿ ಆಫೀಸಿಗೆ ಹೋದಾಗಲೆಲ್ಲ ನನಗೆ ಆ ಆನೆ ಕಾಣುತ್ತೆ.

ಸಿಡ್ನಿ ಸೀತಾ

ಆ ನಾಯಿ ಕಿವಿ 'ಪರಿಸರದ ಕತೆ'ಯಲ್ಲೂ ಇದೆ. ಮಾರ, ಪ್ಯಾರರ ಜೊತೆ. ಅದನ್ನೂ ಸೇರಿಸಿ.

ತಿಪಟೂರು ಕೊಬ್ಬರಿ

ನಾಯಿ ಹೆಸರು ಕಿವಿ ಅನ್ನೋದೇ ಈ ಥ್ರೆಡ್‌ಗೆ ಸರಿ ಹೋಯ್ತು.

ಹಳೇ ರೇಡಿಯೊ

ಹಾಗಾದರೆ ನಾನೂ ಇನ್ನೆರಡು ಸೇರಿಸ್ತೀನಿ, ಆಮೇಲೆ ಸುಮ್ಮನಾಗ್ತೀನಿ.

'ಕೊರವಂಜಿ'ಯ ಹಳೇ ಸಂಚಿಕೆ ಎಲ್ಲಾದರೂ ಸಿಕ್ಕರೆ ಬಿಡಬೇಡಿ. 1942ರಲ್ಲಿ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ ಶುರು ಮಾಡಿದ ಹಾಸ್ಯ ಮಾಸಪತ್ರಿಕೆ. ರೋಗಿಗಳನ್ನ ನೋಡೋ ಡಾಕ್ಟರು 25 ವರ್ಷ ನಗೆಪತ್ರಿಕೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಮೊದಲ ದಿನಗಳಲ್ಲಿ ಚಿತ್ರ ಬರೆದದ್ದು ಅದಕ್ಕೇ. ಟಿ. ಸುನಂದಮ್ಮ ಅದರಲ್ಲಿ ಬರೀತಿದ್ದರು. ಹೆಂಗಸರು ಹಾಸ್ಯ ಬರೆಯೋದೇ ಅಪರೂಪ ಆಗಿದ್ದ ಕಾಲ. ಮನೆ, ಗಂಡ, ನೆಂಟರು ಅಂತ ಅವರು ಬರೆದದ್ದು ನಿಮ್ಮ ಅಮ್ಮನಿಗೆ ಇಷ್ಟವಾಗಬಹುದು.

ಇನ್ನೊಂದು, ನಾ. ಕಸ್ತೂರಿ ಅವರ 'ಅನರ್ಥಕೋಶ'. ಪದಕ್ಕೆ ಬೇಕೆಂದೇ ತಪ್ಪು ಅರ್ಥ ಕೊಡೋ ನಿಘಂಟು. ಕೇರಳದಿಂದ ಬಂದು ಕನ್ನಡ ಕಲಿತವರು ಇಂಥದ್ದು ಬರೆದರು ನೋಡಿ. ಪದ ಹೇಳಿ, ಅರ್ಥ ಊಹಿಸೋಕೆ ಬಿಡಿ. ಮನೆಯಲ್ಲಿ ಅಂತ್ಯಾಕ್ಷರಿಗಿಂತ ಇದು ಚೆನ್ನಾಗಿ ನಡೆಯುತ್ತೆ.

ಬೇಸರ ಬಸಣ್ಣ

ಮಾಸ್ಟರ್ ಹಿರಣ್ಣಯ್ಯ ಅವರ 'ಲಂಚಾವತಾರ' ಹೇಳೋದು ಬಿಟ್ಟರಲ್ಲ ಎಲ್ಲರೂ. ನಾಟಕದ ಮಧ್ಯೆ ನಿಂತು ಆವತ್ತಿನ ಪೇಪರಿನ ಸುದ್ದಿ ಎಳೆದು ತಂದು ಜಾಡಿಸೋರು. ನಮ್ಮ ಮಾವನ ಬಸ್ಸಿನಲ್ಲಿ ಅದೇ ಕ್ಯಾಸೆಟ್. ಚೆಕಿಂಗಿಗೆ ಬಸ್ ಹತ್ತಿದ ಸಾಹೇಬರು ಕೂಡ ನಿಂತು ಕೇಳಿ, ನಕ್ಕು, ಆಮೇಲೆ ಕೈ ಚಾಚಿದ್ದರು.

ಕಾಫಿಪುಡಿ

ಬಸಣ್ಣ, ಇದು ಮಾತ್ರ ನಿಮ್ಮಿಂದ ಬಂದ ಮೊದಲ ಒಳ್ಳೆ ಸಲಹೆ.

ಬೇಸರ ಬಸಣ್ಣ

ಇದೇ ಕೊನೆಯದೂ.

ಕುಡ್ಲದ ಹುಡುಗ

'ಅಮೆರಿಕಾದಲ್ಲಿ ಗೊರೂರು' ಓದಿದ್ದೀರಾ ಯಾರಾದರೂ? ಸೀತಕ್ಕನಂಥ ಮಕ್ಕಳಿರೋ ಅಪ್ಪ ಅಮ್ಮಂದಿರಿಗೆಲ್ಲ ಕೊಡಬೇಕು. ಎಪ್ಪತ್ತು ದಾಟಿದ ಹಾಸನ ಕಡೆಯ ಅಜ್ಜ ಅಮೆರಿಕಾ ನೋಡಿ ಬೆರಗಾಗೋದು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸೋ ಪುಸ್ತಕಕ್ಕೆ ಪ್ರಶಸ್ತಿ ಕೊಟ್ಟಿದ್ದು ನನಗೆ ಈಗಲೂ ಖುಷಿ.

ಸಿಡ್ನಿ ಸೀತಾ

ನಮ್ಮ ಅಪ್ಪ ಇಲ್ಲಿಗೆ ಬಂದಾಗ ಅದೇ ಪುಸ್ತಕ ಸೂಟ್‌ಕೇಸಿನಲ್ಲಿ ತಂದಿದ್ದರು. ಚಟ್ನಿಪುಡಿ ಡಬ್ಬಿ ಒಡೆದು ಪುಸ್ತಕಕ್ಕೆಲ್ಲ ಚಟ್ನಿಪುಡಿ. ಈಗಲೂ ತೆಗೆದರೆ ಇಂಗಿನ ವಾಸನೆ.

ಕುಕ್ಕರ್ ವಿಷಲ್

ಎಂಟನೇ ದಿನ. ತಡವಾಗಿದ್ದಕ್ಕೆ ಕ್ಷಮಿಸಿ, ದಿನಾ ಓದಿ ಓದಿ ನನ್ನ ಗಂಟಲು ಕೂತುಹೋಗಿತ್ತು.

ಲೆಕ್ಕ ಹೀಗಿದೆ. ಕೈಲಾಸಂ ಮೂರು ನಾಟಕ ಆಯ್ತು. ತಿಮ್ಮ ಡ್ರಾಪ್ಸ್ ಜೊತೆ ದಿನಕ್ಕೆ ನಾಲ್ಕು ಸಲ. ಧಾರವಾಡದಾಕಿ ಅವರೇ, "ಒಂದು ಹನಿ, ಒಂದು ತಿಮ್ಮ" ಈಗ ನಮ್ಮ ಮನೆಯ ಮಂತ್ರ. ಮಗ ಡ್ರಾಪ್ಸ್ ಬಾಟಲಿಗೇ ತಿಮ್ಮ ಅಂತ ಹೆಸರಿಟ್ಟಿದ್ದಾನೆ. ಸಿಲ್ಲಿ ಲಲ್ಲಿ ಟವೆಲ್ ಕೆಳಗೆ ಆರು ಎಪಿಸೋಡ್. ಪಾಪ ಪಾಂಡು ಹಾಕಿದಾಗ ಅಮ್ಮ ನಕ್ಕರು, ನಮ್ಮ ಯಜಮಾನರು ಎದ್ದು ಹೋದರು. ಸುನಂದಮ್ಮ ಅವರ ಹೆಸರು ಹೇಳಿದ ಕೂಡಲೇ ಅಮ್ಮನಿಗೆ ಗುರುತು ಸಿಕ್ಕಿತು, ಪುಸ್ತಕ ಮಾತ್ರ ಇಲ್ಲಿ ಎರಡು ಅಂಗಡಿ ಸುತ್ತಿದರೂ ಸಿಗಲಿಲ್ಲ. ಕರ್ವಾಲೊ ಅರ್ಧ ಆಗಿದೆ.

ಇವತ್ತು ಬೆಳಿಗ್ಗೆ ಚೆಕಪ್ಪಿಗೆ ಹೋಗಿದ್ವಿ. ಎಲ್ಲಾ ಸರಿ ಇದೆ, ಟಿವಿ ನೋಡಬಹುದು ಅಂದರು. ನಾನು ಸಂಭ್ರಮದಿಂದ ಬಂದು ಟವೆಲ್ ತೆಗೆದು, "ಅಮ್ಮಾ, ಇವತ್ತು ಪುಷ್ಪಕ ವಿಮಾನ ನೋಡೋಣ, ನಾಗ ಅನ್ನೋರು ಹೇಳಿದ್ದಾರೆ" ಅಂದೆ. ಅಮ್ಮ ರಿಮೋಟ್ ಕಿತ್ತುಕೊಂಡು ತಮ್ಮ ಮಾಮೂಲಿ ಅಳೋ ಸೀರಿಯಲ್ ಹಾಕಿದರು. ಎಂಟು ದಿನದ್ದು ಬಾಕಿ ಇದೆಯಂತೆ, ಆ ಸೊಸೆ ಆಸ್ಪತ್ರೆಯಿಂದ ಬಂದಳೋ ಇಲ್ಲವೋ ಗೊತ್ತಾಗಬೇಕಂತೆ.

ನಿದ್ದೆಗೆಟ್ಟ ನಾಗ

ನನ್ನ ಸಿನಿಮಾಕ್ಕೆ ಈ ಮನೆಯಲ್ಲಿ ಯೋಗವೇ ಇಲ್ಲ.

ತಿಪಟೂರು ಕೊಬ್ಬರಿ

ಅಳ್ತಿದ್ದಾರಾ?

ಕುಕ್ಕರ್ ವಿಷಲ್

ಇಲ್ಲ! ಅದೇ ಆಶ್ಚರ್ಯ. ಸೊಸೆ ಅಳ್ತಿದ್ದಾಳೆ, ಅಮ್ಮ ನಗ್ತಿದ್ದಾರೆ. "ಇವಳ ಅತ್ತೆ ಥೇಟ್ ಆ ವಠಾರದ ಓನರ್ ಥರಾನೇ ಗದರ್ತಾಳಲ್ಲೇ" ಅಂತ.

ಕಾಡುಮಲ್ಲಿಗೆ

ಅದೆಲ್ಲಾ ಸರಿ, ಕರ್ವಾಲೊ ಅರ್ಧಕ್ಕೆ ನಿಲ್ಲಿಸಿಬಿಟ್ರಾ?

ಕುಕ್ಕರ್ ವಿಷಲ್

ಇಲ್ಲ, ಇಲ್ಲ. ಓತಿ ಇನ್ನೂ ಸಿಕ್ಕಿಲ್ಲ. ಸೀರಿಯಲ್ ಮುಗಿದ ಮೇಲೆ ಒಂಬತ್ತೂವರೆಗೆ ಓದಬೇಕಂತೆ. "ಈಗ ಕಣ್ಣು ಸರಿ ಆಯ್ತಲ್ಲ, ನೀವೇ ಓದಿಕೊಳ್ಳಿ" ಅಂದೆ. "ಕಣ್ಣು ಸರಿ ಇದೆ, ನಿನ್ನ ಗಂಡ ಮಂದಣ್ಣನ ದನಿಯಲ್ಲಿ ಓದ್ತಾನಲ್ಲ, ಅದು ನನಗೆ ಬರಲ್ಲ" ಅಂದರು. ಅವರು ಆಫೀಸಿನಿಂದ ಬರೋದು ಒಂಬತ್ತಕ್ಕೆ. ಊಟ ಬಡಿಸಿಟ್ಟು ಕಾಯ್ತಿದ್ದೀವಿ.